ಕೌಂಟರಿನ ಆಚೆ ನಿಂತಿದ್ದ ಕಥೆ

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಸುದ್ದಿ ಅಚ್ಚಾದ ದಿನ, ನಮ್ಮ ಸಹಕಾರ ಸಂಘದ ಕಾರ್ಯದರ್ಶಿಗಳು ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟರು. ಸಣ್ಣಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು, ಅದೂ ಕನ್ನಡದ ಕಥೆಗಳಿಗೆ. "ನೀವೂ ಮೊದಲು ಕಥೆ ಬರೆಯುತ್ತಿದ್ದಿರಿ ಅಲ್ಲವೇ?" ಎಂದು ಕೇಳಿ ಅವರು ಒಳಗೆ ಹೋದರು. ಉಳಿದ ದಿನವೆಲ್ಲ ನನ್ನನ್ನು ಕುಟುಕಿದ್ದು ಆ "ಮೊದಲು" ಎಂಬ ಮಾತು. ನಾನು ಕೊನೆಯ ಕಥೆ ಬರೆದದ್ದು 2011ರಲ್ಲಿ.

ಬಿಟ್ಟದ್ದು ಯಾಕೆ ಎಂದು ಯಾರಾದರೂ ಕೇಳಿದರೆ ಕೆಲಸ, ಮಕ್ಕಳು, ತೋಟ ಎನ್ನುತ್ತಿದ್ದೆ. ನಿಜವಾದ ಕಾರಣ ನನ್ನ ಚಿಕ್ಕಮ್ಮ. ಅವರ ಮದುವೆ ಮುರಿದ ಸಂಗತಿಯನ್ನು ಊರು, ಹೆಸರು ಬದಲಿಸಿ ಕಥೆ ಮಾಡಿದ್ದೆ. ಒಂದು ವಿಶೇಷಾಂಕದಲ್ಲಿ ಪ್ರಕಟವೂ ಆಯಿತು. ಚಿಕ್ಕಮ್ಮ ಓದಿದರು. ಬೈಯಲಿಲ್ಲ. "ನಾನು ಆ ದಿನ ಹಸಿರು ಸೀರೆ ಉಟ್ಟಿರಲಿಲ್ಲವಲ್ಲೋ" ಎಂದಷ್ಟೇ ಹೇಳಿ ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದರು. ಆಮೇಲೆ ಪೆನ್ನು ಹಿಡಿದಾಗಲೆಲ್ಲ ಆ ಲೋಟ ಕಣ್ಣೆದುರು ಬರುತ್ತಿತ್ತು.

ಮತ್ತೆ ಶುರು ಮಾಡುವ ಮೊದಲು ಹಳೆಯ ಕಥೆಗಳನ್ನು ಒಮ್ಮೆ ಓದೋಣ ಎಂದು ಸಿ.ಡಿ. ಹುಡುಕಿ ತೆಗೆದೆ. ಎಲ್ಲವೂ ಹಳೆಯ 'ನುಡಿ' ತಂತ್ರಾಂಶದ ಅಕ್ಷರಗಳಲ್ಲಿ ಟೈಪ್ ಮಾಡಿದವು. ಮಗಳ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ತಲೆಯ ಮೇಲೆ ಗೀರು ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಅವಳು ಯೂನಿಕೋಡಿಗೆ ಪರಿವರ್ತಿಸಿಕೊಟ್ಟಳು. ಅರ್ಕಾವತ್ತುಗಳು, ಒತ್ತಕ್ಷರಗಳು ಅಲ್ಲಲ್ಲಿ ಚೆದುರಿ ಹೋಗಿದ್ದವು. ಅವನ್ನು ಒಂದೊಂದಾಗಿ ಸರಿಪಡಿಸುತ್ತ ಕುಳಿತಾಗ ನನ್ನ ಕಥೆಗಳನ್ನು ನಾನೇ ಮೊದಲ ಸಲ ಪದ ಬಿಡದೆ ಓದಿದಂತಾಯಿತು. ಒಂಬತ್ತು ಕಥೆಗಳು, ಏಳು ಮಳೆಯಿಂದ ಶುರು. ಐದರಲ್ಲಿ ಕೊನೆಗೆ ಯಾರೋ ಸಾಯುತ್ತಾರೆ. ನಾಲ್ಕು ಶರಾವತಿಯ ಮುಳುಗಡೆಯವು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾನು ಹುಟ್ಟಿದ್ದು ಅದಾದ ಹತ್ತು ವರ್ಷಕ್ಕೆ. ನಮ್ಮ ಕಡೆ ಕಥೆ ಬರೆಯುವವನು ಒಮ್ಮೆಯಾದರೂ ಮುಳುಗಡೆಯ ನೀರಿಗೆ ಇಳಿಯಲೇಬೇಕು ಎಂಬ ನಂಬಿಕೆಯಲ್ಲಿ, ಹಿರಿಯರ ಬಾಯಿಂದ ಕೇಳಿದ ದುಃಖವನ್ನು ನನ್ನದೆಂದು ಬರೆದಿದ್ದೆ. ಎರಡು ಕಥೆಗಳನ್ನು ಅರ್ಧಕ್ಕೇ ಬಿಟ್ಟೆ, ತಿದ್ದುವುದಕ್ಕೂ ಮನಸ್ಸಾಗಲಿಲ್ಲ.

ಬೆಳಗಿನ ಐದೂವರೆಯಿಂದ ಆರೂಕಾಲರವರೆಗೆ, ಸಂಘದಲ್ಲಿ ಉಳಿದ ಹಳೆಯ ಡೈರಿಯಲ್ಲಿ ಬರೆಯುವುದು ಎಂದು ಗೊತ್ತುಮಾಡಿಕೊಂಡೆ. ಮೊದಲ ತಿಂಗಳು ಬರೆದದ್ದೆಲ್ಲ ಒಲೆಗೆ ಹೋಯಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕೈ ಪಳಗಲಿಕ್ಕೆ ಅಷ್ಟು ದಿನ ಬೇಕಾಗಿತ್ತು, ಅಷ್ಟೆ.

ವಸ್ತು ಎಲ್ಲಿಂದ ತರುವುದು ಎಂಬ ಚಿಂತೆ ಹಾಗೇ ಇತ್ತು. ನಾನು ಕುಳಿತುಕೊಳ್ಳುವುದು ಬಂಗಾರದ ಸಾಲದ ಕೌಂಟರಿನಲ್ಲಿ. ಅಕ್ಕಸಾಲಿಗರು ಒರೆಗಲ್ಲಿಗೆ ತಿಕ್ಕಿ ನೋಡುತ್ತಾರೆ, ಹರಳು, ಅರಗಿನ ತೂಕ ಕಳೆದು ನಿವ್ವಳ ತೂಕ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಒಡವೆ ಪೊಟ್ಟಣ ಸೇರಿ, ಮುದ್ರೆ ಬಿದ್ದು ತಿಜೋರಿಗೆ ಹೋಗುತ್ತದೆ. ಇಪ್ಪತ್ತು ವರ್ಷ ಇದನ್ನೇ ಮಾಡುತ್ತ, ಮನೆಗೆ ಬಂದು ಕಥೆಗೆ ವಸ್ತು ಇಲ್ಲ ಎಂದು ಕೊರಗುತ್ತಿದ್ದೆ.

ಆಗಸ್ಟಿನಲ್ಲಿ ಒಬ್ಬ ಹೆಂಗಸು ಬಂದರು. ಅವಲಕ್ಕಿ ಸರ ಅಡವಿಟ್ಟು ಏಳು ತಿಂಗಳಾಗಿತ್ತು. "ಅಣ್ಣಾ, ಒಂದು ಸಲ ತೆಗೆದು ತೋರಿಸುತ್ತೀರಾ? ಬಿಡಿಸಿಕೊಳ್ಳುವುದಕ್ಕಲ್ಲ, ನೋಡುವುದಕ್ಕೆ" ಎಂದರು. ಸಾಲ ತೀರುವವರೆಗೆ ಪೊಟ್ಟಣ ಬಿಚ್ಚುವಂತಿಲ್ಲ ಎಂದೆ. ಅವರು ತಲೆಯಾಡಿಸಿ ಹೊರಟುಹೋದರು.

ಮರುದಿನ ಬೆಳಗ್ಗೆ ಡೈರಿಯಲ್ಲಿ ಆ ಒಂದು ಮಾತನ್ನು ಬರೆದೆ. ಅದರ ಬೆನ್ನಿಗೇ ಮೂರು ಪುಟ ಹರಿಯಿತು: ಬಡತನ, ಕುಡುಕ ಗಂಡ, ತವರಿನ ನೆನಪು, ಕಣ್ಣೀರು. ಸಂಜೆ ಓದಿದರೆ ಹಸಿ ಸುಳ್ಳು. ಆಕೆಗೆ ಕುಡುಕ ಗಂಡ ಇದ್ದಾನೆಂದು ನನಗೆ ಹೇಳಿದವರು ಯಾರು? ಆಕೆ ಯಾಕೆ ನೋಡಬಯಸಿದರು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ತುಂಬುವ ಅವಸರದಲ್ಲಿ, ಎಲ್ಲರಿಗೂ ಗೊತ್ತಿರುವ ಕಾರಣಗಳನ್ನು ತಂದು ಸುರಿದಿದ್ದೆ.

ಒಂದು ವಾರ ಅದನ್ನು ಮುಟ್ಟಲಿಲ್ಲ. ಆಮೇಲೆ ಪ್ರಶ್ನೆಯನ್ನೇ ತಿರುಗಿಸಿ ಹಾಕಿದೆ. ಆಕೆಯ ಬದುಕು ನನಗೆ ಗೊತ್ತಿಲ್ಲ, ಸರಿ. ಕೌಂಟರಿನ ಈಚೆ ಕುಳಿತವನದು ಗೊತ್ತು. ಅವನು ಪೊಟ್ಟಣ ಬಿಚ್ಚಿ ತೋರಿಸಿಯೇಬಿಡಬೇಕು ಎಂದುಕೊಂಡರೆ ಏನೇನು ಮಾಡಬೇಕು? ಉತ್ತರ ಬರೆಯಲು ಕಲ್ಪನೆಯ ಅಗತ್ಯವೇ ಬರಲಿಲ್ಲ. ನಮ್ಮ ತಿಜೋರಿಗೆ ಎರಡು ಬೀಗದ ಕೈ; ಒಂದು ನನ್ನ ಬಳಿ, ಇನ್ನೊಂದು ಕಾರ್ಯದರ್ಶಿಗಳ ಬಳಿ. ಒಬ್ಬರಿಂದಲೇ ತೆರೆಯಲಾಗದು. ಮುದ್ರೆ ಒಡೆದರೆ ಮತ್ತೆ ಹಾಕಬೇಕು, ಅಕ್ಕಸಾಲಿಗರ ಸಹಿಯೂ ಬೇಕು. ಅಂದರೆ ಒಬ್ಬ ಹೆಂಗಸಿನ ಎರಡು ನಿಮಿಷದ ಆಸೆಗೆ ಮೂವರು ಗಂಡಸರು ಸೇರಿ ಸಣ್ಣದೊಂದು ತಪ್ಪು ಮಾಡಬೇಕು. ಯಾರು ಒಪ್ಪುತ್ತಾರೆ, ಯಾರು ಹಿಂಜರಿಯುತ್ತಾರೆ, ಒಪ್ಪಿದವನು ನಾಳೆ ಅದನ್ನು ಯಾರ ಮೇಲೆ ಹಾಕುತ್ತಾನೆ? ನಾನು ಬರೀ ಲೆಕ್ಕದ ಕಟ್ಟಳೆ ಎಂದುಕೊಂಡಿದ್ದೇ ಕಥೆಯನ್ನು ನಡೆಸಿಕೊಂಡು ಹೋಯಿತು. ಆಕೆ ಯಾಕೆ ನೋಡಬಯಸಿದರು ಎಂಬುದನ್ನು ಕೊನೆಯವರೆಗೂ ಹೇಳಲಿಲ್ಲ. ಹನ್ನೊಂದು ಬೆಳಗಿನಲ್ಲಿ ಮುಗಿಯಿತು; ತಿದ್ದುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು.

ಅಂದಿನಿಂದ ನನ್ನ ಟಿಪ್ಪಣಿಯ ರೀತಿ ಬದಲಾಗಿದೆ. ಮೊದಲು "ವೃದ್ಧಾಪ್ಯದ ಒಂಟಿತನ" ಎಂಬಂಥ ದಪ್ಪ ವಿಷಯಗಳನ್ನು ಬರೆದಿಡುತ್ತಿದ್ದೆ. ಅವುಗಳಿಂದ ಒಂದು ಸಾಲೂ ಹುಟ್ಟಲಿಲ್ಲ. ಈಗ ಬರೆಯುವುದು ಎರಡೇ: ಯಾರೋ ಕೇಳಿದ್ದು, ಅದಕ್ಕೆ ಅಡ್ಡ ಬಂದ ನಿಯಮ. ಪಡಿತರ ಚೀಟಿಯಲ್ಲಿ ಸತ್ತವರ ಹೆಸರು ತೆಗೆಸಲು ಒಪ್ಪದ ಮಗ. ಅಡಿಕೆ ಸುಲಿಯಲು ಬರುವವರಿಗೆ ಒಳಮನೆಯ ಲೋಟದಲ್ಲಿ ಚಹಾ ಕೊಟ್ಟ ಹೊಸ ಸೊಸೆ. ಬರೆದದ್ದೆಲ್ಲ ಕಥೆಯಾಗುವುದಿಲ್ಲ, ಹತ್ತರಲ್ಲಿ ಒಂದು ಮಿಸುಕಾಡಿದರೆ ಹೆಚ್ಚು.

ಚಿಕ್ಕಮ್ಮನ ಲೋಟದ ಲೆಕ್ಕ ಮಾತ್ರ ಬಾಕಿ ಇತ್ತು. ಹೆಸರು ಬದಲಿಸಿದರೆ ಸಾಲದು ಎಂದು ಕಲಿತಿದ್ದೇನೆ. ಒಡವೆ, ಊರು, ವಯಸ್ಸು, ಯಾವ ತಿಂಗಳು ಎಂಬುದನ್ನೆಲ್ಲ ಕದಲಿಸಿ, ಆ ವ್ಯಕ್ತಿ ಓದಿದರೂ ತನ್ನನ್ನು ಕಾಣದಂತೆ ಆಗುವವರೆಗೆ ಕಥೆಯನ್ನು ಹೊರಗೆ ಬಿಡುವುದಿಲ್ಲ. ಇಲ್ಲಿ ಹೇಳಿದ ಅವಲಕ್ಕಿ ಸರವೂ ನಿಜದಲ್ಲಿ ಅವಲಕ್ಕಿ ಸರವಲ್ಲ. ಬೈಯಿಸಿಕೊಳ್ಳುವ ಪಾತ್ರ ಬೇಕಾದಾಗ ನನ್ನನ್ನೇ ಕೂರಿಸಿಕೊಳ್ಳುತ್ತೇನೆ, ಅದು ಅಗ್ಗ. ಹೊಸ ಕಥೆಯನ್ನು ಚಿಕ್ಕಮ್ಮನಿಗೇ ಮೊದಲು ಓದಿ ಹೇಳಿದೆ. "ಆ ಕಾರ್ಯದರ್ಶಿ ಇಷ್ಟು ಬೇಗ ಒಪ್ಪುವುದಿಲ್ಲ ಬಿಡು" ಎಂದರು. ಸರಿಯಾಗಿತ್ತು. ಆ ಭಾಗವನ್ನು ಮತ್ತೆ ಬರೆದೆ.

ಒಂದು ಮಾಸಿಕಕ್ಕೆ ಕಳುಹಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಈ ನಡುವೆ ಡೈರಿಯ ಇನ್ನೊಂದು ಸಾಲು ಮಿಸುಕಾಡಲು ಶುರು ಮಾಡಿದೆ: ಹರಾಜಿನ ನೋಟಿಸನ್ನು ಅಂಚೆಯವನೇ ಓದಿ ಹೇಳಬೇಕಾದ ಮನೆ. ನೋಟಿಸು ಕಳುಹಿಸಿದವನು ನಾನೇ ಆದ್ದರಿಂದ ಅದರಲ್ಲಿ ಏನಿದೆಯೆಂದು ಗೊತ್ತು. ಅಂಚೆಯವನು ಅದರಲ್ಲಿ ಎಷ್ಟನ್ನು ಓದಿ ಹೇಳುತ್ತಾನೆ ಎಂಬುದು ಗೊತ್ತಿಲ್ಲ. ಹತ್ತು ದಿನದಿಂದ ಅವನು ಅಂಗಳದಲ್ಲೇ ನಿಂತಿದ್ದಾನೆ. ನಾಳೆ ಬೆಳಗ್ಗೆ ಜಗಲಿ ಹತ್ತಿಸಬೇಕು.