ಲ್ಯಾಬ್ ರಿಪೋರ್ಟ್ ಹಿಡಿದು ಊಟ ತಿದ್ದಿಕೊಳ್ಳುವುದು ಹೇಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ, ಉಪ್ಪಳ, ಯಾವ ಪೇಟೆಗೆ ಹೋದರೂ ಈಗ ರಕ್ತ ಪರೀಕ್ಷೆ ಮಾಡಿಸಬಹುದು. ಇಲ್ಲಿ ರಕ್ತ ತೆಗೆದು ಮಂಗಳೂರಿಗೆ ಕಳಿಸಿ, ಸಂಜೆಯೊಳಗೆ ರಿಪೋರ್ಟನ್ನು ಮೊಬೈಲಿಗೇ ಹಾಕುತ್ತಾರೆ. ಆದರೆ ಆ ರಿಪೋರ್ಟ್ ನೋಡಿದ ಮೇಲೆ ನಾಳೆ ಬೆಳಿಗ್ಗೆ ಎಷ್ಟು ನೀರುದೋಸೆ ತಿನ್ನಬೇಕು, ಮಧ್ಯಾಹ್ನದ ಕುಚ್ಚಲಕ್ಕಿ ಅನ್ನ ಎಷ್ಟಿರಬೇಕು ಎಂದು ಹೇಳುವವರು ಸಿಗುವುದಿಲ್ಲ. ಆ ಕೆಲಸವನ್ನು ಮನೆಯಲ್ಲೇ, ಕ್ರಮವಾಗಿ ಮಾಡಿಕೊಳ್ಳುವ ದಾರಿ ಇಲ್ಲಿದೆ.

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮಾಡಿಸಬೇಕೆಂದಿರುವ ಪ್ರತಿ ಪರೀಕ್ಷೆಯ ಹೆಸರಿನ ಕೆಳಗೆ ಎರಡು ಸಾಲು ಬರೆಯಿರಿ: ಸಂಖ್ಯೆ ಹೆಚ್ಚು ಬಂದರೆ ಊಟದಲ್ಲಿ ಏನು ಬದಲಿಸುತ್ತೇನೆ, ಕಡಿಮೆ ಬಂದರೆ ಏನು ಬದಲಿಸುತ್ತೇನೆ. ಎರಡಕ್ಕೂ ಉತ್ತರ ಒಂದೇ ಆಗಿದ್ದರೆ ಆ ಪರೀಕ್ಷೆಗೆ ದುಡ್ಡು ಹಾಕಬೇಡಿ. 'ಫುಲ್ ಬಾಡಿ ಚೆಕಪ್' ಪ್ಯಾಕೇಜ್‌ಗಳಲ್ಲಿ ಹೆಚ್ಚಿನವು ಇಲ್ಲೇ ಉದುರಿಹೋಗುತ್ತವೆ. ರಿಪೋರ್ಟಿನಲ್ಲಿ 'ನಾರ್ಮಲ್' ಎಂದು ಕೊಡುವ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ. 95 ಮಂದಿ ಒಳಗೆ ಬರುವಂತೆ ಗುರುತಿಸಿರುತ್ತಾರೆ. ಉಳಿದ ಶೇ. 5 ಮಂದಿ ಆರೋಗ್ಯವಾಗಿದ್ದೂ ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಏನೂ ತೊಂದರೆ ಇಲ್ಲದವರಿಗೂ ಒಂದಾದರೂ ಕೆಂಪಕ್ಷರದಲ್ಲಿ ಬರುವ ಸಾಧ್ಯತೆ ಶೇ. 64ರಷ್ಟು. ಆ ಒಂದು ಕೆಂಪಕ್ಷರದ ಹಿಂದೆ ಓಡಿ ತಿಂಗಳುಗಟ್ಟಲೆ ನಿದ್ದೆಗೆಡುವವರು ಬಹಳ.

ಯಾವುದನ್ನು ಮಾಡಿಸಬೇಕು, ಯಾವುದು ಬೇಡ

ಊಟವನ್ನು ನೇರವಾಗಿ ತಿದ್ದಲು ನೆರವಾಗುವ ಪರೀಕ್ಷೆಗಳು ಬೆರಳೆಣಿಕೆಯಷ್ಟೇ: ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ರಕ್ತದ ಕೊಬ್ಬುಗಳನ್ನು ತೋರಿಸುವ ಲಿಪಿಡ್ ಪ್ರೊಫೈಲ್, ಹಿಮೋಗ್ಲೋಬಿನ್ ಸಮೇತ ರಕ್ತಕಣಗಳ ಎಣಿಕೆಯಾದ ಸಿಬಿಸಿ, ಸುಸ್ತು ಇದ್ದರೆ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಮತ್ತು ಥೈರಾಯ್ಡಿನ ಟಿಎಸ್‌ಎಚ್, ಸಸ್ಯಾಹಾರಿಗಳಿಗೆ ಮತ್ತು ವರ್ಷಗಟ್ಟಲೆ ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ನುಂಗುತ್ತಿರುವವರಿಗೆ ಬಿ12, ಮೂತ್ರಪಿಂಡದ ಸ್ಥಿತಿಗೆ ಕ್ರಿಯಾಟಿನಿನ್. ಇದರ ಜೊತೆಗೆ ಮನೆಯಲ್ಲೇ ಒಂದು ಟೇಪು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯದಲ್ಲಿ, ಉಸಿರು ಬಿಟ್ಟ ಹೊತ್ತಿನಲ್ಲಿ ಸುತ್ತಳತೆ ತೆಗೆಯಿರಿ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ತೂಕ ಎಷ್ಟೇ ಇರಲಿ, ಸಕ್ಕರೆ ಮತ್ತು ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನು ನೋಡಿಸುವುದಕ್ಕೆ ಅದೇ ಸಾಕಷ್ಟು ಕಾರಣ.

'ಫಂಕ್ಷನಲ್ ಟೆಸ್ಟ್' ಎಂಬ ಹೆಸರಿನಲ್ಲಿ ಮಾರುವ ಇನ್ನು ಕೆಲವನ್ನು ಬಿಟ್ಟುಬಿಡಿ. ನೂರಾರು ಆಹಾರಕ್ಕೆ ಐಜಿಜಿ (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ನೋಡಿ 'ನಿಮಗೆ ಇದು ಆಗುವುದಿಲ್ಲ' ಎಂದು ಪಟ್ಟಿ ಕೊಡುವ ಪರೀಕ್ಷೆ ಅದರಲ್ಲಿ ಮುಖ್ಯವಾದದ್ದು. ಐಜಿಜಿ ಇದೆ ಎಂದರೆ ನೀವು ಆ ಆಹಾರ ತಿಂದಿದ್ದೀರಿ ಎಂದಷ್ಟೇ ಅರ್ಥ. ಯುರೋಪ್, ಅಮೆರಿಕ, ಕೆನಡಾದ ಅಲರ್ಜಿ ತಜ್ಞರ ಸಂಘಗಳು ಇದನ್ನು ಬಳಸಬೇಡಿ ಎಂದೇ ಹೇಳಿವೆ. ಅಕ್ಕಿ, ತೆಂಗು, ಮೊಸರನ್ನೆಲ್ಲ ಕೆಂಪು ಪಟ್ಟಿಗೆ ಹಾಕಿದರೆ ಈ ಊರಿನಲ್ಲಿ ಮತ್ತೇನು ತಿನ್ನುವುದು? ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆ ಎಂಬ ಸಂಶಯವಿದ್ದರೆ ಎರಡು ವಾರ ಹಾಲು ಪೂರ್ತಿ ಬಿಟ್ಟು, ಮತ್ತೆ ಒಂದು ಲೋಟ ಕುಡಿದು ನೋಡಿ. ಖರ್ಚಿಲ್ಲದ ಆ ಪರೀಕ್ಷೆಯೇ ಹೆಚ್ಚು ಹೇಳುತ್ತದೆ.

ಗೋಧಿ ಆಗುವುದಿಲ್ಲ ಎಂಬ ಸಂಶಯಕ್ಕೆ ಮಾಡುವ ಟಿಟಿಜಿ ಪರೀಕ್ಷೆ (ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್ ರೋಗ ಗುರುತಿಸುವಂಥದ್ದು) ಒಳ್ಳೆಯದೇ. ಆದರೆ ನಮ್ಮಲ್ಲಿ ಅದು ಸುಲಭವಾಗಿ ತಪ್ಪುತ್ತದೆ. ಮೂರು ಹೊತ್ತೂ ಅಕ್ಕಿಯದ್ದೇ ತಿಂಡಿ-ಊಟ ಮಾಡುವವರ ರಕ್ತದಲ್ಲಿ ಅದು 'ಇಲ್ಲ' ಎಂದು ಬಂದರೆ ನಂಬುವಂತಿಲ್ಲ. ಪರೀಕ್ಷೆಗೆ ಮೊದಲು ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಚಪಾತಿಯನ್ನೋ ಗೋಧಿಯ ಬೇರೆ ತಿಂಡಿಯನ್ನೋ ತಿಂದಿರಬೇಕು.

ರಕ್ತ ಕೊಡುವ ಬೆಳಿಗ್ಗೆ

ಖಾಲಿ ಹೊಟ್ಟೆ ಎಂದರೆ 8ರಿಂದ 12 ಗಂಟೆ ನೀರು ಬಿಟ್ಟು ಬೇರೇನೂ ಇಲ್ಲ. ಸಕ್ಕರೆ ಹಾಕದ ಚಾ ಕೂಡ ಬೇಡ, ಎಲೆಅಡಿಕೆಯೂ ಬೇಡ. ಆದರೆ ನೀರು ಧಾರಾಳ ಕುಡಿಯಿರಿ, ನರ ಸುಲಭವಾಗಿ ಸಿಗುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ 2-3 ದಿನ ಮೊದಲೇ ನಿಲ್ಲಿಸಿ, ಅದು ಥೈರಾಯ್ಡ್ ಸಂಖ್ಯೆಗಳನ್ನು ತಲೆಕೆಳಗು ಮಾಡಬಲ್ಲದು. ಜ್ವರ ಬಂದು ಹೋದ ತಕ್ಷಣ ಪರೀಕ್ಷೆ ಬೇಡ. ಮಳೆಗಾಲದ ಜ್ವರದ ಬೆನ್ನಿಗೇ ಮಾಡಿಸಿದರೆ ಫೆರಿಟಿನ್ ಸುಳ್ಳು ಏರಿಕೆ ತೋರಿಸುತ್ತದೆ, ಕೊಲೆಸ್ಟರಾಲ್ ಸುಳ್ಳು ಇಳಿಕೆ ತೋರಿಸುತ್ತದೆ. ಮೂರು-ನಾಲ್ಕು ವಾರ ಕಾಯಿರಿ.

ರಕ್ತ ಹಾಕುವ ಟ್ಯೂಬಿನ ಮುಚ್ಚಳದ ಬಣ್ಣ ಗಮನಿಸಿ. ಸಕ್ಕರೆಗೆ ಬೂದು ಬಣ್ಣದ್ದು, ಒಳಗೆ ಫ್ಲೋರೈಡ್ ಇರುತ್ತದೆ. ಎಚ್‌ಬಿಎ1ಸಿಗೆ ಮತ್ತು ಸಿಬಿಸಿಗೆ ನೇರಳೆ. ಫ್ಲೋರೈಡ್ ಇಲ್ಲದ ಟ್ಯೂಬಿನಲ್ಲಿ, ಬೇರ್ಪಡಿಸದೆ ಇಟ್ಟ ರಕ್ತದ ಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಇಳಿಯುತ್ತದೆ. ಮುಳ್ಳೇರಿಯದಲ್ಲಿ ಬೆಳಿಗ್ಗೆ 7ಕ್ಕೆ ತೆಗೆದ ರಕ್ತ ಮಂಗಳೂರು ತಲುಪಿ ಯಂತ್ರಕ್ಕೆ ಹೋಗುವಾಗ ಮೂರು ಗಂಟೆ ಕಳೆದಿದ್ದರೆ, 120 ಇದ್ದದ್ದು 100ರ ಹತ್ತಿರ ಬಂದು 'ನಾರ್ಮಲ್' ಆಗಿಬಿಡಬಹುದು. ಹಾಗಾಗಿ ಸಕ್ಕರೆಯನ್ನು ಹತ್ತಿರದ ಲ್ಯಾಬಿನಲ್ಲೇ ನೋಡಿಸುವುದು ಉತ್ತಮ. ಉಳಿದವು ಪ್ರಯಾಣ ಮಾಡಲಿ. ಮತ್ತೊಂದು, ಪ್ರತಿ ಸಲವೂ ಒಂದೇ ಲ್ಯಾಬ್ ಇರಲಿ. ಈ ಸಲ ಕಾಸರಗೋಡು, ಮುಂದಿನ ಸಲ ದೇರಳಕಟ್ಟೆ ಎಂದಾದರೆ ಸಣ್ಣ ವ್ಯತ್ಯಾಸ ಊಟದ್ದೋ ಯಂತ್ರದ್ದೋ ತಿಳಿಯುವುದಿಲ್ಲ.

ಸಕ್ಕರೆ: ನಿಮ್ಮ ತಿಂಡಿಯನ್ನೇ ಅಳೆಯಿರಿ

ಎಚ್‌ಬಿಎ1ಸಿ ಹಿಂದಿನ ಸುಮಾರು 3 ತಿಂಗಳ ಸರಾಸರಿ. ಶೇ. 5.7ರ ಕೆಳಗೆ ಸರಿ, 5.7ರಿಂದ 6.4 ಎಂದರೆ ಅಂಚಿನಲ್ಲಿದ್ದೀರಿ, 6.5 ಮತ್ತು ಮೇಲೆ ಮಧುಮೇಹ. ಖಾಲಿ ಹೊಟ್ಟೆಯಲ್ಲಿ 100ರೊಳಗೆ ಸರಿ, 126 ಮತ್ತು ಮೇಲೆ ಮಧುಮೇಹ. ಎರಡರಲ್ಲಿ ಯಾವುದೇ ಆಗಲಿ, ಇನ್ನೊಮ್ಮೆ ಖಚಿತಪಡಿಸಿಕೊಳ್ಳಬೇಕು. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಇತ್ತೀಚೆಗೆ ಬೇರೆಯವರ ರಕ್ತ ಏರಿಸಿಕೊಂಡಿದ್ದರೆ ಅಥವಾ ಹುಟ್ಟಿನಿಂದ ಹಿಮೋಗ್ಲೋಬಿನ್ ತೊಂದರೆ ಇದ್ದರೆ ಅದನ್ನು ನೆಚ್ಚಲಾಗದು.

ಸರಾಸರಿ ಏರಿದೆ ಎಂದು ಲ್ಯಾಬ್ ಹೇಳುತ್ತದೆ. ಯಾವ ತಿಂಡಿ ಏರಿಸಿತು ಎಂದು ಹೇಳುವುದು ಗ್ಲುಕೋಮೀಟರ್, ಬೆರಳ ಹನಿ ರಕ್ತದಲ್ಲಿ ಸಕ್ಕರೆ ಅಳೆಯುವ ಪುಟ್ಟ ಯಂತ್ರ. ಎರಡು ವಾರ ಹೀಗೆ ಮಾಡಿ: ತಿಂಡಿಗೆ ಮೊದಲು ಒಂದು ಸಲ, ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಲೆಕ್ಕ ಹಾಕಿ ಸರಿಯಾಗಿ 2 ಗಂಟೆಗೆ ಮತ್ತೊಂದು ಸಲ. ಮೊದಲ ವಾರದ ಎರಡು ಬೇರೆ ಬೇರೆ ದಿನ ಮಾಮೂಲು ತಿಂಡಿ, ಉದಾಹರಣೆಗೆ 5 ನೀರುದೋಸೆ ಬೆಲ್ಲ-ಕಾಯಿಯೊಂದಿಗೆ. ಎರಡನೆಯ ವಾರದ ಎರಡು ದಿನ 3 ನೀರುದೋಸೆ, ಜೊತೆಗೆ ಒಂದು ಬಟ್ಟಲು ಹೆಸರುಕಾಳಿನ ಗಸಿ. ಒಂದೇ ದಿನದ ಓದು ಸಾಲದು, ನಿದ್ದೆ, ತೋಟದ ಕೆಲಸ, ಹಿಂದಿನ ರಾತ್ರಿಯ ಊಟ ಎಲ್ಲವೂ ಅದನ್ನು ಅಲುಗಾಡಿಸುತ್ತವೆ. ಯಂತ್ರಕ್ಕೂ ಶೇ. 15ರಷ್ಟು ತಪ್ಪಲು ಅನುಮತಿ ಇದೆ, ಆದ್ದರಿಂದ 142 ಮತ್ತು 150ರ ನಡುವಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. 190 ಇದ್ದದ್ದು 145 ಆದರೆ ಅದು ನಿಜವಾದ ಸುದ್ದಿ. ಮಧುಮೇಹ ಇಲ್ಲದವರಿಗೆ 2 ಗಂಟೆಗೆ 140ರೊಳಗೆ, ಇರುವವರಿಗೆ ಸಾಮಾನ್ಯವಾಗಿ 180ರೊಳಗೆ ಗುರಿ.

ಬೆರಳು ಚುಚ್ಚುವ ಮೊದಲು ಕೈಯನ್ನು ಸಾಬೂನು-ನೀರಿನಲ್ಲಿ ತೊಳೆದು ಪೂರ್ತಿ ಒರೆಸಿ. ಹಲಸಿನ ತೊಳೆ ಬಿಡಿಸಿದ ಕೈಯಲ್ಲಿ, ಬೆಲ್ಲ ಮುಟ್ಟಿದ ಕೈಯಲ್ಲಿ ಚುಚ್ಚಿದರೆ ಚರ್ಮದ ಮೇಲಿನ ಸಕ್ಕರೆ ಹನಿಗೆ ಸೇರಿ ನೂರಕ್ಕೂ ಮೇಲೆ ಸುಳ್ಳು ಏರಿಕೆ ತೋರಿಸಬಹುದು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು. ಒದ್ದೆ ಬೆರಳಾದರೆ ಹನಿ ತೆಳುವಾಗಿ ಓದು ಕೆಳಗೆ ಬರುತ್ತದೆ. ಬೆರಳ ತುದಿಯ ನಡುವೆ ಚುಚ್ಚದೆ ಬದಿಗೆ ಚುಚ್ಚಿ, ನೋವು ಕಡಿಮೆ. ಆಟಿಯ ಮಳೆಯಲ್ಲಿ ಸ್ಟ್ರಿಪ್ ಡಬ್ಬಿಯನ್ನು ತೆರೆದಿಟ್ಟರೆ ತೇವ ತಗಲಿ ಸ್ಟ್ರಿಪ್ ಕೆಡುತ್ತದೆ. ಒಂದನ್ನು ತೆಗೆದ ಕೂಡಲೇ ಮುಚ್ಚಳ ಒತ್ತಿ, ಬೇರೆ ಡಬ್ಬಿಗೆ ಸುರಿಯಬೇಡಿ.

ಅನ್ನದ ಲೆಕ್ಕಕ್ಕೆ ಅಡುಗೆ ತಕ್ಕಡಿ ಒಂದು ವಾರ ಬಳಸಿದರೆ ಸಾಕು, ಆಮೇಲೆ ಕಣ್ಣೇ ತಕ್ಕಡಿ. 150 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 40 ಗ್ರಾಂ ಪಿಷ್ಟ. ಕುಚ್ಚಲಕ್ಕಿ ಎಂದು ಲೆಕ್ಕವಿಲ್ಲದೆ ಬಡಿಸಿಕೊಂಡರೆ ಅದರ ಲಾಭವೆಲ್ಲ ಪ್ರಮಾಣದಲ್ಲಿ ಹೋಗುತ್ತದೆ. ಅನ್ನ ಇಳಿಸಿದಷ್ಟು ಜಾಗವನ್ನು ಪಲ್ಯ, ಹುರುಳಿ, ಮೀನು ತುಂಬಲಿ. ಸಂಜೆಯ ಬೇಕರಿ ತಿಂಡಿ ತುಂಬಬಾರದು.

ಇಲ್ಲೊಂದು ಗಂಭೀರ ಎಚ್ಚರಿಕೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಅನ್ನ ಅರ್ಧಕ್ಕೆ ಇಳಿಸಬಾರದು. ಔಷಧದ ಪ್ರಮಾಣ ಹಳೆಯ ಊಟಕ್ಕೆ ಹೊಂದಿಸಿದ್ದು. ಬೆವರು, ನಡುಕ, ಕಣ್ಣು ಮಂಜಾಗುವುದು ಕಂಡು ಸಕ್ಕರೆ 70ರ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ತೆಂಗಿನ ಪ್ರಶ್ನೆ

ಲಿಪಿಡ್ ರಿಪೋರ್ಟಿನಲ್ಲಿ ಎರಡು ಸಾಲುಗಳನ್ನು ಬೇರೆ ಬೇರೆಯಾಗಿ ಓದಬೇಕು, ಅವುಗಳ ಮದ್ದು ಬೇರೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಏರಿದ್ದರೆ ನೋಡಬೇಕಾದದ್ದು ಎಣ್ಣೆಯನ್ನು. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಸುಮಾರು ಶೇ. 90 ಸ್ಯಾಚುರೇಟೆಡ್ (ಸಂತೃಪ್ತ) ಬಗೆಯದು, ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ ಎಣ್ಣೆಗಳಿಗೆ ಹೋಲಿಸಿದರೆ ಅದು ಎಲ್‌ಡಿಎಲ್ ಏರಿಸುತ್ತದೆ. ನಮ್ಮ ತೋಟದ್ದು, ನಮ್ಮ ಗಾಣದ್ದು ಎಂಬ ಪ್ರೀತಿ ರಕ್ತಕ್ಕೆ ತಿಳಿಯುವುದಿಲ್ಲ. ಟ್ರೈಗ್ಲಿಸರೈಡ್ 150 ದಾಟಿದ್ದರೆ ಮೊದಲ ಸಂಶಯ ಅನ್ನದ ಪ್ರಮಾಣ, ಸಿಹಿ, ಮೈದಾ, ಮದ್ಯದ ಮೇಲೆ. ಟ್ರೈಗ್ಲಿಸರೈಡ್ ಏರಿತೆಂದು ಮೇಲೋಗರಕ್ಕೆ ಕಾಯಿ ನಿಲ್ಲಿಸಿ, ರುಚಿ ಸಾಲದೆ ಉಪ್ಪಿನಕಾಯಿ ಹಾಕಿ ಅನ್ನವನ್ನೇ ಹೆಚ್ಚು ಉಣ್ಣುವವರಿದ್ದಾರೆ. ಮೂರು ತಿಂಗಳ ನಂತರ ಸಂಖ್ಯೆ ಇನ್ನೂ ಮೇಲೆ ಹೋಗಿರುತ್ತದೆ.

ಎಣ್ಣೆಯ ಲೆಕ್ಕ ಸುಲಭ. ನಾಲ್ಕು ಮಂದಿಯ ಮನೆಗೆ ತಿಂಗಳಿಗೆ 3 ಲೀಟರ್ ಎಂದರೆ ತಲೆಗೆ ದಿನಕ್ಕೆ 25 ಮಿಲಿ, ಐದು ಟೀ ಚಮಚ. 5 ಲೀಟರ್ ಮುಗಿದರೆ ಎಂಟು ಚಮಚ ದಾಟಿತು. ಇದರ ಮೇಲೆ 100 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 33 ಗ್ರಾಂ ಕೊಬ್ಬಿದೆ. ಒಗ್ಗರಣೆಗೆ ತೆಂಗಿನೆಣ್ಣೆ ಇಟ್ಟುಕೊಂಡು, ಹುರಿಯಲು ಬೇರೆ ಎಣ್ಣೆಗೆ ಹೋಗುವುದು ಮನೆಮಂದಿ ಒಪ್ಪುವ ದಾರಿ. ಎಲ್‌ಡಿಎಲ್ 190 ಮುಟ್ಟಿದ್ದರೆ ಅಥವಾ ಮನೆಯಲ್ಲಿ ಸಣ್ಣ ವಯಸ್ಸಿನ ಹೃದಯಾಘಾತ ಆಗಿದ್ದರೆ ಊಟವನ್ನಷ್ಟೇ ನಂಬಿ ಕೂರಬೇಡಿ, ವೈದ್ಯರನ್ನು ಕಾಣಿ.

ಕಬ್ಬಿಣ, ಬಿ12, ಡಿ

ಫೆರಿಟಿನ್ 15ರ ಕೆಳಗಿದ್ದರೆ ಕಬ್ಬಿಣದ ದಾಸ್ತಾನು ಮುಗಿದಿದೆ, ಹಿಮೋಗ್ಲೋಬಿನ್ ಇನ್ನೂ ಸರಿ ಇದ್ದರೂ. ಹರಿವೆ, ನುಗ್ಗೆಸೊಪ್ಪು, ಹುರುಳಿ ಒಳ್ಳೆಯದು, ಆದರೆ ಊಟದ ಜೊತೆಗೇ ಚಾ ಕುಡಿದರೆ ಅದರ ಕಬ್ಬಿಣ ಮೈಗೆ ಅಷ್ಟಾಗಿ ಹತ್ತುವುದಿಲ್ಲ. ಒಂದು ಗಂಟೆ ಅಂತರ ಇರಲಿ. ಸಾರು ಒಲೆಯಿಂದ ಇಳಿಸಿದ ಮೇಲೆ ಲಿಂಬೆ ಹಿಂಡಿ. ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ಒಂದಷ್ಟು ಹೋಗುತ್ತದೆ. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಕಡಿಮೆ ಬಂದರೆ ಸೊಪ್ಪು ತಿನ್ನುವುದಕ್ಕಿಂತ ಮೊದಲು ರಕ್ತ ಎಲ್ಲಿ ಸೋರುತ್ತಿದೆ ಎಂದು ವೈದ್ಯರು ಹುಡುಕಬೇಕು.

ಬಿ12 200ರ ಕೆಳಗಿದ್ದರೆ ಕೊರತೆ, 200ರಿಂದ 300 ಸಂಶಯದ ಜಾಗ. ಬೂತಾಯಿ, ಬಂಗುಡೆ ತಿನ್ನುವವರಿಗೆ ಇದು ಅಪರೂಪ. ಸಸ್ಯಾಹಾರಿಗಳಿಗೆ ದಿನಕ್ಕೆ ಅರ್ಧ ಲೀಟರ್ ಹಾಲು-ಮೊಸರಿನಲ್ಲಿ ಸುಮಾರು 2 ಮೈಕ್ರೋಗ್ರಾಂ ಸಿಗುತ್ತದೆ. ನೀರು ನೀರಾದ ಮಜ್ಜಿಗೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಆಗಲೇ ಕೊರತೆ ಆಗಿದ್ದರೆ ಊಟದಿಂದ ತುಂಬುವುದಿಲ್ಲ, ಮಾತ್ರೆ ಅಥವಾ ಇಂಜೆಕ್ಷನ್ ಬೇಕು. ಪರೀಕ್ಷೆಗೆ ಮೊದಲೇ ಮಾತ್ರೆ ಶುರು ಮಾಡಿದರೆ ಸಂಖ್ಯೆ ಏರಿ ನಿಜ ಮುಚ್ಚಿಹೋಗುತ್ತದೆ.

ವಿಟಮಿನ್ ಡಿ ಬಗ್ಗೆ ಒಂದೇ ಮಾತು: 60,000 ಯುನಿಟ್‌ನ ಪುಡಿ ಸಾಮಾನ್ಯವಾಗಿ ವಾರಕ್ಕೊಂದು. ಚೀಟಿಯಲ್ಲಿ ಬರೆದದ್ದು ಓದಲಾಗದೆ ದಿನಕ್ಕೊಂದು ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹೊಡೆತ ಬೀಳಬಹುದು. ಮದ್ದಿನ ಅಂಗಡಿಯಲ್ಲೇ 'ವಾರಕ್ಕೊಂದು' ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ.

ಮರುಪರೀಕ್ಷೆ

ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ಅನ್ನ, ಎಣ್ಣೆ, ಚಾ ಎಲ್ಲ ಒಟ್ಟಿಗೆ ತಿದ್ದಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯದು, ನಾಲ್ಕು ವಾರದಲ್ಲಿ ಎಲ್ಲವೂ ಒಟ್ಟಿಗೇ ಬಿಟ್ಟುಹೋಗುತ್ತದೆ. ಲಿಪಿಡ್ 6ರಿಂದ 12 ವಾರಕ್ಕೆ, ಟಿಎಸ್‌ಎಚ್ 6ರಿಂದ 8 ವಾರಕ್ಕೆ, ಎಚ್‌ಬಿಎ1ಸಿ ಮತ್ತು ಫೆರಿಟಿನ್ 3 ತಿಂಗಳಿಗೆ. ಟ್ರೈಗ್ಲಿಸರೈಡ್ ಏನೂ ಬದಲಿಸದೆಯೂ ಶೇ. 20ರಷ್ಟು ಅತ್ತಿತ್ತ ಆಗುತ್ತದೆ, 180 ಇದ್ದದ್ದು 165 ಆದರೆ ಗೆದ್ದೆವೆಂದುಕೊಳ್ಳಬೇಡಿ.

ಎಲ್ಲ ಸಂಖ್ಯೆಗಳನ್ನೂ ದಿನಾಂಕ, ಲ್ಯಾಬ್, ಆ ತಿಂಗಳ ಊಟದ ಜೊತೆ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡಿ. ಕುಟುಂಬಾರೋಗ್ಯ ಕೇಂದ್ರದ ಕಾರ್ಡು ಮಲಯಾಳಂನಲ್ಲಿ, ಮಂಗಳೂರಿನ ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ. ಮನೆಯಲ್ಲಿ ಅಡುಗೆ ಮಾಡುವವರಿಗೆ ಎರಡೂ ಅರ್ಥವಾಗಬೇಕಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದವರು ಎಷ್ಟು ಪರದಾಡಿದರೆಂದು ಈ ಊರಿಗೆ ಗೊತ್ತಿದೆ. ದಾಖಲೆ ನಿಮ್ಮ ಕೈಯಲ್ಲೇ ಇರಲಿ. ಆ ಪುಸ್ತಕದಲ್ಲಿ ಹಣ್ಣಿನ ಕಾಲವನ್ನೂ ಗುರುತು ಮಾಡಿ: ಜುಲೈಯಲ್ಲಿ ತೆಗೆದ ಎಚ್‌ಬಿಎ1ಸಿ ಒಳಗೆ ಮಾವು-ಹಲಸಿನ ಮೂರು ತಿಂಗಳು ಕೂತಿರುತ್ತದೆ. ಅದನ್ನು ಮುಂದಿನ ಜನವರಿಯದ್ದಕ್ಕಲ್ಲ, ಮುಂದಿನ ಜುಲೈಯದ್ದಕ್ಕೆ ಹೋಲಿಸಿ.