ಹಿರಿಯರ ಥೈರಾಯ್ಡ್ ರಕ್ತಪರೀಕ್ಷೆ: ಸಿದ್ಧತೆ ಹೇಗೆ?

ವಯಸ್ಸಾದವರಲ್ಲಿ ಥೈರಾಯ್ಡ್ ಗ್ರಂಥಿಯ ಏರುಪೇರು ಸುಲಭವಾಗಿ ಗಮನಕ್ಕೆ ಬರುವುದಿಲ್ಲ. ಸುಸ್ತು, ಮಲಬದ್ಧತೆ, ಮರೆವು, ಚಳಿ ತಡೆಯಲಾಗದಿರುವುದು ಇವೆಲ್ಲ ವಯಸ್ಸಿನ ಸಹಜ ಲಕ್ಷಣಗಳೆಂದೇ ಮನೆಯವರು ಭಾವಿಸುತ್ತಾರೆ. ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರುವಾಗಲೂ ಕಿರಿಯರಲ್ಲಿ ಕಾಣುವ ಕೈನಡುಕ, ಚಡಪಡಿಕೆಗಳ ಬದಲು ಹಿರಿಯರಲ್ಲಿ ಮಂಕುತನ, ತೂಕ ಇಳಿಯುವುದು ಅಥವಾ ಎದೆಬಡಿತದ ಲಯ ತಪ್ಪುವುದಷ್ಟೇ ಕಾಣಿಸಬಹುದು. ಹೀಗಾಗಿ ರೋಗ ಪತ್ತೆಯ ಭಾರ ಹೆಚ್ಚಾಗಿ ರಕ್ತಪರೀಕ್ಷೆಯ ಮೇಲೆಯೇ ಬೀಳುತ್ತದೆ. ಆದರೆ ಆ ಪರೀಕ್ಷೆಯ ದಾರಿ ತಪ್ಪಿಸಬಲ್ಲ ಔಷಧಿಗಳೂ ಕಾಯಿಲೆಗಳೂ ಹಿರಿಯರಲ್ಲಿಯೇ ಹೆಚ್ಚು. ಆದ್ದರಿಂದ ಸಿದ್ಧತೆಯನ್ನು ಕೆಲವು ದಿನ ಮೊದಲೇ ಆರಂಭಿಸುವುದು ಒಳ್ಳೆಯದು.

ಮೊದಲು, ಯಾವ ಪರೀಕ್ಷೆ ಬರೆದಿದ್ದಾರೆಂದು ನೋಡಿಕೊಳ್ಳಿ. ಸಾಮಾನ್ಯವಾಗಿ ಟಿಎಸ್‌ಎಚ್‌ನಿಂದ ಶುರುಮಾಡುತ್ತಾರೆ. ಇದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳುಹಿಸುವ ಆದೇಶದಂತಹ ಹಾರ್ಮೋನು. ಥೈರಾಯ್ಡ್ ಮಂದವಾದರೆ ಇದು ಏರುತ್ತದೆ, ಚುರುಕಾದರೆ ಇಳಿಯುತ್ತದೆ. ಅಗತ್ಯ ಕಂಡಾಗ ಇದರ ಜೊತೆಗೆ ಥೈರಾಯ್ಡ್ ಗ್ರಂಥಿಯೇ ತಯಾರಿಸುವ ಹಾರ್ಮೋನುಗಳಾದ ಫ್ರೀ ಟಿ4 (ರಕ್ತದಲ್ಲಿ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4), ಕೆಲವೊಮ್ಮೆ ಟಿ3 ಕೂಡ ನೋಡುತ್ತಾರೆ.

ಔಷಧಿಗಳ ಪಟ್ಟಿ

ಇಡೀ ಸಿದ್ಧತೆಯಲ್ಲಿ ಅತ್ಯಂತ ಮುಖ್ಯವಾದದ್ದು ಇದೇ ಎಂದು ನಾನು ಭಾವಿಸುತ್ತೇನೆ. ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ ಮತ್ತು ಸಮಯವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ವೈದ್ಯರ ಚೀಟಿಯಿಲ್ಲದೆ ತಂದುಕೊಂಡ ವಿಟಮಿನ್ ಮಾತ್ರೆಗಳನ್ನು ಇದರಲ್ಲಿ ಬಿಡಬಾರದು, ಏಕೆಂದರೆ ತೊಡಕು ಹೆಚ್ಚಾಗಿ ಹುಟ್ಟುವುದು ಅಲ್ಲಿಯೇ. ಕೂದಲು ಮತ್ತು ಉಗುರಿನ ಆರೋಗ್ಯಕ್ಕೆಂದು ಮಾರುವ ಬಯೋಟಿನ್ ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ ಬಯೋಟಿನ್ ಇರುವುದುಂಟು. ದೇಹಕ್ಕೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ ಮಾತ್ರ. ಹಲವು ಪ್ರಯೋಗಾಲಯಗಳ ಪರೀಕ್ಷಾ ವಿಧಾನದಲ್ಲಿ ಬಯೋಟಿನ್ ಕೂಡ ಬಳಕೆಯಾಗುವುದರಿಂದ, ರಕ್ತದಲ್ಲಿ ಅದು ವಿಪರೀತವಿದ್ದಾಗ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆಯಾಗಿಯೂ ಟಿ4 ಇರುವುದಕ್ಕಿಂತ ಹೆಚ್ಚಾಗಿಯೂ ತೋರಬಹುದು. ಆರೋಗ್ಯವಂತ ಗ್ರಂಥಿಯೂ ಆಗ ಅತಿಚುರುಕಾದ ಗ್ರಂಥಿಯಂತೆ ಕಾಣುತ್ತದೆ. ಆದ್ದರಿಂದ ಇಂತಹ ಮಾತ್ರೆಯನ್ನು ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ನಿಲ್ಲಿಸಬೇಕು. ವೈದ್ಯರೇ ಹೆಚ್ಚಿನ ಪ್ರಮಾಣದಲ್ಲಿ ಬರೆದುಕೊಟ್ಟಿದ್ದರೆ, ನಿಲ್ಲಿಸುವ ಮೊದಲು ಅವರನ್ನು ಕೇಳಬೇಕು.

ಹೃದಯದ ಲಯ ಸರಿಪಡಿಸಲು ಕೊಡುವ ಅಮಿಯೊಡರೋನ್‌ನ ತೂಕದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಅಯೋಡಿನ್ ಇರುತ್ತದೆ. ಅದನ್ನು ನಿಲ್ಲಿಸಿ ತಿಂಗಳುಗಳಾದರೂ ಥೈರಾಯ್ಡ್ ಮೇಲಿನ ಪರಿಣಾಮ ಮುಂದುವರಿಯಬಹುದು. ಮನಸ್ಸಿನ ತೀವ್ರ ಏರಿಳಿತಕ್ಕೆ ಕೊಡುವ ಲಿಥಿಯಂ, ಸ್ಟೀರಾಯ್ಡ್‌ಗಳು, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಕೂಡ ವರದಿಯನ್ನು ಬದಲಿಸಬಲ್ಲವು. ಇವುಗಳಲ್ಲಿ ಒಂದನ್ನೂ ಪರೀಕ್ಷೆಗಾಗಿ ನೀವಾಗಿಯೇ ನಿಲ್ಲಿಸಕೂಡದು. ಹಠಾತ್ತನೆ ನಿಲ್ಲಿಸುವುದರ ಅಪಾಯ ತಪ್ಪು ವರದಿಯ ಅಪಾಯಕ್ಕಿಂತ ದೊಡ್ಡದು. ಸೇವಿಸುತ್ತಿರುವ ವಿಷಯ ವೈದ್ಯರಿಗೆ ತಿಳಿದಿದ್ದರೆ ಅವರು ಅದನ್ನು ಗಮನದಲ್ಲಿಟ್ಟು ವರದಿಯನ್ನು ಓದುತ್ತಾರೆ.

ದಿನವನ್ನು ಆರಿಸುವುದು

ನ್ಯುಮೋನಿಯಾ, ಶಸ್ತ್ರಚಿಕಿತ್ಸೆ, ಹೃದಯಾಘಾತದಂತಹ ತೀವ್ರ ತೊಂದರೆಯಿಂದ ಆಸ್ಪತ್ರೆ ಸೇರಿದಾಗ, ಥೈರಾಯ್ಡ್‌ನಲ್ಲಿ ದೋಷವಿಲ್ಲದಿದ್ದರೂ ಹಾರ್ಮೋನುಗಳ ಮಟ್ಟ ಕುಸಿಯುತ್ತದೆ. ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ಸ್ವಲ್ಪ ಕಾಲ ಮೇಲೇರುವುದೂ ಇದೆ. ತುರ್ತು ಕಾರಣವಿಲ್ಲದಿದ್ದರೆ, ಪೂರ್ತಿ ಗುಣವಾಗಿ ಕೆಲವು ವಾರ ಕಳೆದ ಮೇಲೆ ಪರೀಕ್ಷಿಸುವುದು ಸೂಕ್ತವೇ ಎಂದು ವೈದ್ಯರನ್ನು ಕೇಳಿ. ಇತ್ತೀಚೆಗೆ ಸಿಟಿ ಸ್ಕ್ಯಾನ್ ಅಥವಾ ಆಂಜಿಯೋಗ್ರಾಂಗೆ ಅಯೋಡಿನ್‌ಯುಕ್ತ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟಿದ್ದರೆ ಅದನ್ನೂ ತಿಳಿಸಬೇಕು.

ಆ ದಿನ ಬೆಳಿಗ್ಗೆ

ಥೈರಾಯ್ಡ್ ಪರೀಕ್ಷೆಯೊಂದಕ್ಕೇ ಉಪವಾಸ ಕಡ್ಡಾಯವಲ್ಲ. ಜೊತೆಗೆ ಸಕ್ಕರೆ ಅಥವಾ ಕೊಬ್ಬಿನಂಶದ ಪರೀಕ್ಷೆಯಿದ್ದರೆ ಮಾತ್ರ ಪ್ರಯೋಗಾಲಯ ಹೇಳಿದಷ್ಟು ಹೊತ್ತು ಆಹಾರ ಬಿಡಬೇಕಾಗುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಬರಿ ಹೊಟ್ಟೆಯಲ್ಲಿ ಬಹಳ ಹೊತ್ತು ಕಾಯುವುದು ಅಪಾಯಕರವಾದ್ದರಿಂದ, ಅಂದಿನ ಔಷಧಿಯ ಸಮಯವನ್ನು ಮೊದಲೇ ವೈದ್ಯರಿಂದ ತಿಳಿದುಕೊಂಡು, ಬೆಳಗಿನ ಮೊದಲ ಸರದಿಯನ್ನು ಕೇಳಿ ಪಡೆಯಬೇಕು. ನೀರನ್ನು ಮಾತ್ರ ಧಾರಾಳವಾಗಿ ಕುಡಿಯಿರಿ, ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಮಾತ್ರ ಆ ಮಿತಿಯೊಳಗೆ ಇರಿ. ದೇಹದಲ್ಲಿ ನೀರು ಕಡಿಮೆಯಾದರೆ ವಯಸ್ಸಾದವರ ರಕ್ತನಾಳ ಸಿಗುವುದು ಕಷ್ಟ.

ಟಿಎಸ್‌ಎಚ್ ರಾತ್ರಿ ಏರಿ, ಹಗಲು ಕಳೆದಂತೆ ಇಳಿಯುತ್ತದೆ. ಕಳೆದ ಬಾರಿ ಬೆಳಿಗ್ಗೆ 8ಕ್ಕೆ ಕೊಟ್ಟ ರಕ್ತದ ಫಲಿತಾಂಶವನ್ನು ಈ ಬಾರಿ ಮಧ್ಯಾಹ್ನ ಕೊಟ್ಟದ್ದರೊಂದಿಗೆ ಹೋಲಿಸಿದರೆ ಇಲ್ಲದ ಬದಲಾವಣೆ ಕಂಡೀತು. ಸಾಧ್ಯವಾದಷ್ಟು ಅದೇ ಸಮಯ, ಅದೇ ಪ್ರಯೋಗಾಲಯ ಇರಲಿ. ಥೈರಾಯ್ಡ್ ಮಂದವಾದವರಿಗೆ ಕೊಡುವ ಹಾರ್ಮೋನು ಮಾತ್ರೆಯಾದ ಲೆವೊಥೈರಾಕ್ಸಿನ್ ಸೇವಿಸುವವರು ಅಂದಿನ ಮಾತ್ರೆಯನ್ನು ರಕ್ತ ಕೊಟ್ಟ ನಂತರ ತೆಗೆದುಕೊಳ್ಳುವುದು ಒಳಿತು, ಏಕೆಂದರೆ ಸೇವಿಸಿದ ಮುಂದಿನ ಕೆಲವು ಗಂಟೆ ಫ್ರೀ ಟಿ4 ತಾತ್ಕಾಲಿಕವಾಗಿ ಹೆಚ್ಚಿರುತ್ತದೆ. ಆದರೆ ಹಿಂದಿನ ದಿನಗಳ ಮಾತ್ರೆಗಳನ್ನು ಬಿಡಬಾರದು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು ಥೈರಾಯ್ಡ್ ಮಾತ್ರೆಯನ್ನು ಕರುಳು ಹೀರಿಕೊಳ್ಳದಂತೆ ತಡೆಯುವುದರಿಂದ, ಥೈರಾಯ್ಡ್ ಮಾತ್ರೆಗೂ ಇವುಗಳಿಗೂ ನಡುವೆ ಪ್ರತಿದಿನವೂ 4 ಗಂಟೆಗಳ ಅಂತರವಿರಬೇಕು.

ತೋಳು ಸುಲಭವಾಗಿ ಮೇಲೇರುವ ಸಡಿಲ ಉಡುಪು ತೊಡಿ. ರಕ್ತ ತೆಳುವಾಗಿಸುವ ಔಷಧಿ ಸೇವಿಸುತ್ತಿದ್ದರೆ ಸೂಜಿ ಚುಚ್ಚುವ ಮೊದಲೇ ತಿಳಿಸಿ, ನಂತರ ಹತ್ತಿಯನ್ನು ಕೆಲವು ನಿಮಿಷ ಹೆಚ್ಚೇ ಒತ್ತಿ ಹಿಡಿಯಿರಿ. ತಲೆ ಸುತ್ತುವ ಅಭ್ಯಾಸವಿದ್ದವರು ಮಲಗಿಕೊಂಡೇ ರಕ್ತ ಕೊಡಬಹುದು.

ವರದಿ ಬಂದ ಮೇಲೆ

ಟಿಎಸ್‌ಎಚ್‌ನ ಸಾಮಾನ್ಯ ಮಿತಿ ಲೀಟರಿಗೆ ಸುಮಾರು 0.4ರಿಂದ 4 ಮಿಲಿ ಯೂನಿಟ್ ಎಂದು ವರದಿಯಲ್ಲಿ ಅಚ್ಚಾಗಿರುತ್ತದೆ. ಆದರೆ ವಯಸ್ಸು ಹೆಚ್ಚಿದಂತೆ ಆರೋಗ್ಯವಂತರಲ್ಲೂ ಇದು ಮೆಲ್ಲಗೆ ಏರುವುದರಿಂದ, 80 ದಾಟಿದವರಲ್ಲಿ 5 ಅಥವಾ 6 ಕಂಡ ಮಾತ್ರಕ್ಕೆ ಅದು ರೋಗವೇ ಆಗಬೇಕಿಲ್ಲ. ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ ತುಸು ಹೆಚ್ಚಿದ್ದ 65 ಮೀರಿದವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ, ಲೆವೊಥೈರಾಕ್ಸಿನ್‌ನಿಂದ ಸುಸ್ತು ಕಡಿಮೆಯಾಗಲಿಲ್ಲ. ಅಗತ್ಯಕ್ಕಿಂತ ಹೆಚ್ಚಾದರೆ ಆ ಮಾತ್ರೆ ಹೃದಯದ ಲಯವನ್ನು ಕೆಡಿಸಿ, ಮೂಳೆಯನ್ನು ಸವೆಸಬಹುದು. ಆದ್ದರಿಂದ ಒಂದೇ ವರದಿಯನ್ನು ನೋಡಿ ಗಾಬರಿಪಡದೆ, ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. ಮಾತ್ರೆಯ ಪ್ರಮಾಣ ಬದಲಾದಾಗ ಟಿಎಸ್‌ಎಚ್ ಹೊಸ ಮಟ್ಟದಲ್ಲಿ ನೆಲೆಗೊಳ್ಳಲು 6ರಿಂದ 8 ವಾರ ಬೇಕು. ಮುಂದಿನ ಪರೀಕ್ಷೆಯ ದಿನವನ್ನು ಆ ಲೆಕ್ಕದಲ್ಲಿ ಗೊತ್ತುಮಾಡಿಕೊಂಡು, ಹಳೆಯ ವರದಿಗಳನ್ನೂ ಔಷಧಿಗಳ ಪಟ್ಟಿಯನ್ನೂ ಜೊತೆಗೆ ಕೊಂಡೊಯ್ಯಿರಿ.