ಆರು ಕೇಬಲ್, ಒಂದು ಕಂಪನಿ: ಉಡುಪಿಯಲ್ಲಿ ಲೋಕಲ್ ಚಾನೆಲ್ ಉಳಿಸಿಕೊಂಡದ್ದು ಹೀಗೆ

ಮಲ್ಪೆಯಿಂದ ಬ್ರಹ್ಮಾವರದವರೆಗಿನ ಆರು ಕೇಬಲ್‌ನವರು ಒಂದಾಗಿ ಸ್ವಂತ ಎಂಎಸ್‌ಒ (ಚಾನೆಲ್‌ಗಳನ್ನು ಒಟ್ಟುಮಾಡಿ ಕೇಬಲ್‌ನವರಿಗೆ ಸಿಗ್ನಲ್ ಕೊಡುವ ಸಂಸ್ಥೆ) ನೋಂದಣಿ ಪಡೆದು, ಎರಡು ಲೋಕಲ್ ಚಾನೆಲ್ ನಡೆಸುವುದು ಆಗುವ ಕೆಲಸವಲ್ಲ ಎಂದವರೇ ಹೆಚ್ಚು. ಈಗ ಸುಮಾರು 5,800 ಕನೆಕ್ಷನ್ ಮೇಲೆ ಅದು ನಡೆಯುತ್ತಿದೆ, ಸಾಲದ ಕಂತೂ ತಪ್ಪಿಲ್ಲ.

ಮೊದಲ ಪ್ರಯತ್ನ ಕೆಟ್ಟದ್ದು ಫೀಡ್ (ಚಾನೆಲ್‌ನ ಪ್ರಸಾರ) ಹಂಚಲು ಹೋಗಿ. ಆರು ಜನ ಮೂರು ಬೇರೆ ಬೇರೆ ಎಂಎಸ್‌ಒಗಳ ಕೆಳಗಿದ್ದೆವು. ಸ್ಟುಡಿಯೋ ಒಂದೇ ಇರಲಿ, ಅದೇ ಚಾನೆಲ್ ಮೂರೂ ಕಡೆ ಹೋಗಲಿ ಎಂಬ ಲೆಕ್ಕ. ಎಂಎಸ್‌ಒ ತಾನೇ ನಡೆಸುವ ಚಾನೆಲ್‌ಗೆ ಸರ್ಕಾರಿ ಭಾಷೆಯಲ್ಲಿ ಪ್ಲಾಟ್‌ಫಾರ್ಮ್ ಸರ್ವಿಸ್ ಎಂದು ಹೆಸರು, ಕೇಂದ್ರದ 2022ರ ನವೆಂಬರ್ 30ರ ಅದರ ಮಾರ್ಗಸೂಚಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಈ ಚಾನೆಲ್ ಆಯಾ ಎಂಎಸ್‌ಒನ ಚಂದಾದಾರರಿಗೆ ಮಾತ್ರ. ಇನ್ನೊಬ್ಬರ ಜಾಲಕ್ಕೆ ನೇರವಾಗಿಯೂ ಕೊಡುವಂತಿಲ್ಲ, ಸುತ್ತುಬಳಸಿಯೂ ಕೊಡುವಂತಿಲ್ಲ. ಸ್ಥಳೀಯ ಸುದ್ದಿ ಹಾಕಬೇಕಾದರೆ ಎಂಎಸ್‌ಒ ಕಂಪನಿಯೇ ಆಗಿರಬೇಕು, ಪಾಲುದಾರಿಕೆ ಫರ್ಮ್ ಸಾಲದು. ಅಲ್ಲಿಗೆ ದಾರಿ ಒಂದೇ ಉಳಿಯಿತು: ಒಟ್ಟು ಮಾಡಬೇಕಾದ್ದು ಫೀಡನ್ನಲ್ಲ, ಮಾಲೀಕತ್ವವನ್ನು. ಉಪಗ್ರಹ ಚಾನೆಲ್ ಮಾಡಿ ಎಂದು ಸಲಹೆ ಕೊಟ್ಟವರಿಗೂ ಉತ್ತರ ಹೇಳಿಬಿಡುತ್ತೇನೆ. ಅಲ್ಲಿ ಸುದ್ದಿ ಚಾನೆಲ್‌ಗೆ 20 ಕೋಟಿ, ಸುದ್ದಿಯೇತರಕ್ಕೆ 5 ಕೋಟಿ ನಿವ್ವಳ ಸಂಪತ್ತು ತೋರಿಸಬೇಕು. ಪ್ಲಾಟ್‌ಫಾರ್ಮ್ ಸರ್ವಿಸ್‌ಗೆ ಚಾನೆಲ್ ಒಂದಕ್ಕೆ ಒಂದೇ ಸಲ 1,000 ರೂಪಾಯಿ, ಎಂಎಸ್‌ಒ ನೋಂದಣಿಗೆ 1 ಲಕ್ಷ ಸಂಸ್ಕರಣಾ ಶುಲ್ಕ, ಅವಧಿ 10 ವರ್ಷ.

ಷೇರು ಹಂಚುವಾಗ ಎರಡು ಸಲ ಮಾತುಕತೆ ಮುರಿದುಬಿತ್ತು. ಎಲ್ಲರೂ ಪುಸ್ತಕದ ಕನೆಕ್ಷನ್ ಹೇಳುತ್ತಿದ್ದರು, ಮನೆಯಲ್ಲಿ ಉರಿಯುವ ಬಾಕ್ಸ್ ಲೆಕ್ಕ ಬೇರೆಯೇ. ಕೊನೆಗೆ ಬ್ರಾಡ್‌ಕಾಸ್ಟರ್‌ಗೆ ವರದಿ ಕೊಡುವ ವಿಧಾನವನ್ನೇ ಷೇರಿಗೂ ಹಿಡಿದೆವು: ತಿಂಗಳ 7, 14, 21, 28ರಂದು ಸಂಜೆ 7ರಿಂದ ರಾತ್ರಿ 11ರ ಒಳಗೆ ಸಕ್ರಿಯ ಬಾಕ್ಸ್ ಎಣಿಕೆ, ನಾಲ್ಕರ ಸರಾಸರಿ. ಹಾಗೆ ಮೂರು ತಿಂಗಳು ಎಣಿಸಿದಾಗ 7,000 ಎಂದು ಹೇಳಿದ್ದು 5,400ರ ಆಸುಪಾಸಿಗೆ ಇಳಿಯಿತು. ಆಮೇಲೆ ತಕರಾರಿಲ್ಲ. ಹಳೆ ಕೋಆಕ್ಸಿಯಲ್ (ಲೋಹದ ತಂತಿ) ಲೈನಿಗೂ ಹೊಸ ಫೈಬರಿಗೂ ಎಷ್ಟು ತೂಕ ಕೊಟ್ಟೆವು ಎಂಬ ಸೂತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕುದುರಿಸಲು ನಮಗೇ ಎಂಟು ತಿಂಗಳು ಹಿಡಿದಿದೆ.

ಮನೆಗೆ ಹೋಗುವ ಲೈನು ಅವರವರ ಎಲ್‌ಸಿಒ (ಸ್ಥಳೀಯ ಕೇಬಲ್ ಆಪರೇಟರ್) ನೋಂದಣಿಯಲ್ಲೇ ಉಳಿಯಿತು. 2025ರ ಜನವರಿಯಿಂದ ಹೆಡ್ ಪೋಸ್ಟ್ ಆಫೀಸಿಗೆ ಅಲೆಯುವುದು ತಪ್ಪಿದೆ: ಆನ್‌ಲೈನ್ ಅರ್ಜಿ, 5,000 ರೂಪಾಯಿ, 5 ವರ್ಷ. ಅವಧಿ ಮುಗಿಯುವ 90 ದಿನ ಮೊದಲೇ ನವೀಕರಣಕ್ಕೆ ಹಾಕಬೇಕು. ಪಾನ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇನಿಶಿಯಲ್ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ, ಮೊದಲು ಅದನ್ನು ಸರಿ ಮಾಡಿಕೊಳ್ಳಿ. ಸ್ವಂತ ಕಂಪನಿಯೇ ಆದರೂ ಪ್ರತಿಯೊಬ್ಬರ ಜತೆ ಇಂಟರ್‌ಕನೆಕ್ಷನ್ (ಸಿಗ್ನಲ್ ಕೊಡು-ಕೊಳ್ಳುವ) ಒಪ್ಪಂದ ಬರೆಸಿದೆವು, ನೆಟ್‌ವರ್ಕ್ ಶುಲ್ಕದಲ್ಲಿ ಕಂಪನಿಗೆ ಶೇ 55, ಆಪರೇಟರ್‌ಗೆ ಶೇ 45.

ಹಣ ಹೋದದ್ದು ಬಾಕ್ಸಿಗೆ. ಹಳೆಯ ಎಂಎಸ್‌ಒನ ಕ್ಯಾಸ್ (ಚಾನೆಲ್‌ಗೆ ಬೀಗ ಹಾಕಿ ತೆಗೆಯುವ ವ್ಯವಸ್ಥೆ) ಇರುವ ಬಾಕ್ಸ್ ನಮ್ಮಲ್ಲಿ ಕತ್ತಲೆ. ಸುಮಾರು 1,700 ಬಾಕ್ಸ್‌ಗಳಿಗೆ ಹೊಸ ಸಾಫ್ಟ್‌ವೇರ್ ಏರಿಸಲಾಯಿತು, ಉಳಿದ 4,000 ಚಿಲ್ಲರೆ ಬದಲಿಸಬೇಕಾಯಿತು. ತಲಾ 900ರಂತೆ ಹಿಡಿದರೂ 36-37 ಲಕ್ಷ. ಹೆಡ್‌ಎಂಡ್ (ಚಾನೆಲ್‌ಗಳನ್ನು ಹಿಡಿದು ಜಾಲಕ್ಕೆ ಬಿಡುವ ಕೇಂದ್ರ) ಪೂರ್ತಿ ಕಟ್ಟಲಿಲ್ಲ. ಮೂಲಸೌಕರ್ಯ ಹಂಚಿಕೊಳ್ಳುವ ಅವಕಾಶ ಬಳಸಿ ದೊಡ್ಡ ಎಂಎಸ್‌ಒ ಒಂದರ ಸ್ಟ್ರೀಮ್ ತೆಗೆದುಕೊಂಡು, ಕ್ಯಾಸ್ ಮತ್ತು ಎಸ್‌ಎಂಎಸ್ (ಚಂದಾದಾರರ ಲೆಕ್ಕ ಇಡುವ ವ್ಯವಸ್ಥೆ) ಮಾತ್ರ ನಮ್ಮದೇ ಇಟ್ಟೆವು. ಇಲ್ಲದಿದ್ದರೆ ಖರ್ಚು ಇಮ್ಮಡಿ ಆಗುತ್ತಿತ್ತು. ಹಳೆ ಎಂಎಸ್‌ಒ ಬಿಡುವಾಗ 21 ದಿನದ ನೋಟಿಸ್ ಜತೆಗೆ, ಹಿಂತಿರುಗಿಸಿದ ಪ್ರತಿ ಬಾಕ್ಸಿನ ಸೀರಿಯಲ್ ನಂಬರಿಗೆ ಸಹಿ ಮಾಡಿಸಿಕೊಳ್ಳಿ. 'ಗೋಣಿಯಲ್ಲಿ 200 ಬಾಕ್ಸ್' ಎಂದಷ್ಟೇ ಬರೆದ ರಸೀದಿ ನಂಬಿ ಒಂದೂವರೆ ಲಕ್ಷ ಕಳೆದುಕೊಂಡೆವು.

ಬ್ರಾಡ್‌ಕಾಸ್ಟರ್ ಸಿಗ್ನಲ್ ಕೊಡುವ ಮೊದಲಿನ ಆಡಿಟ್‌ನಲ್ಲಿ ನಮ್ಮನ್ನು ನಿಲ್ಲಿಸಿದ್ದು 143 ಬಾಕ್ಸ್: ಕ್ಯಾಸ್‌ನಲ್ಲಿ ಸಕ್ರಿಯ, ಎಸ್‌ಎಂಎಸ್‌ನಲ್ಲಿ ಹೆಸರೇ ಇಲ್ಲ. ರಾತ್ರಿ ದೂರು ಬಂದಾಗ ಹುಡುಗರು ನೇರ ಕ್ಯಾಸ್ ಕನ್ಸೋಲಿನಿಂದ ಬಾಕ್ಸ್ ಆನ್ ಮಾಡಿಬಿಟ್ಟಿದ್ದರು. ಎರಡು ವರ್ಷದ ಲಾಗ್ ಇಡಬೇಕಾದ ಕಡೆ ಇದು ಅಳಿಸಲಾಗದ ಕಲೆ. ಕನ್ಸೋಲಿನ ಪಾಸ್‌ವರ್ಡ್ ಒಬ್ಬರಿಗೇ ಕೊಟ್ಟೆವು, ಪ್ರತಿ ರಾತ್ರಿ ಎರಡೂ ಪಟ್ಟಿ ತಾಳೆ ನೋಡುತ್ತೇವೆ. ರೀಚಾರ್ಜ್ ಮುಗಿದ ಬಾಕ್ಸ್ ಆ ದಿನವೇ ಬಂದ್ ಆಗಬೇಕು. 7ನೇ ತಾರೀಕಿನ ಸಂಜೆ ಅದು ಉರಿಯುತ್ತಿದ್ದರೆ ಹಣ ಕೊಡದ ಮನೆಗೆ ಪೇ ಚಾನೆಲ್ ದುಡ್ಡು ನಾವು ಕಟ್ಟಿದಂತೆ.

ಲೈನಿನಲ್ಲಿ ತಿಂಗಳುಗಟ್ಟಲೆ ಕಾಡಿದ್ದು ಹಸಿರು-ನೀಲಿ ಕನೆಕ್ಟರ್. ನೋಡ್‌ನಲ್ಲಿ (ಫೈಬರ್ ಬಂದು ಸೇರುವ ಪೆಟ್ಟಿಗೆ) ತುದಿ ಓರೆ ಇರುವ ಹಸಿರು ಎಪಿಸಿ, ತಂದ ಪ್ಯಾಚ್ ಕಾರ್ಡ್ (ಜೋಡಿಸುವ ಚಿಕ್ಕ ಫೈಬರ್) ತುದಿ ನೇರ ಇರುವ ನೀಲಿ ಯುಪಿಸಿ. ಒಳಕ್ಕೆ ಕೂರುತ್ತದೆ, ಚಿತ್ರವೂ ಬರುತ್ತದೆ, ಆದರೆ ಬೆಳಕು ಹಿಂದಕ್ಕೆ ಪ್ರತಿಫಲಿಸಿ ಎಚ್‌ಡಿ ಚಾನೆಲ್ ಮಾತ್ರ ಒಡೆಯುತ್ತದೆ. ಕಲ್ಯಾಣಪುರ ಕಡೆ ಸ್ಪ್ಲಿಟರ್ ಬದಲಿಸಿ ಬದಲಿಸಿ ಸೋತ ಮೇಲೆ ಇದು ಕಂಡದ್ದು. ಮಲ್ಪೆಯ ಉಪ್ಪುಗಾಳಿಗೆ ಎಫ್ ಕನೆಕ್ಟರ್ (ಕೋಆಕ್ಸಿಯಲ್ ವೈರಿನ ತುದಿಗೆ ಹಾಕುವ ಲೋಹದ ಕನೆಕ್ಟರ್) ಒಂದು ಮಳೆಗಾಲ ದಾಟುವುದಿಲ್ಲ. ಅಲ್ಲಿ ಮನೆಯೊಳಗಿನವರೆಗೂ ಫೈಬರ್ ಎಳೆದದ್ದೇ ಪರಿಹಾರ.

ಪ್ಲಾಟ್‌ಫಾರ್ಮ್ ಸರ್ವಿಸ್‌ನ 90 ದಿನದ ರೆಕಾರ್ಡಿಂಗ್ ಇಡಬೇಕು. 2 ಎಂಬಿಪಿಎಸ್‌ನಲ್ಲಿ ದಿನಕ್ಕೆ 21.6 ಜಿಬಿ, 90 ದಿನಕ್ಕೆ ಚಾನೆಲ್ ಒಂದಕ್ಕೆ ಎರಡು ಟಿಬಿಗೆ ಸ್ವಲ್ಪ ಕಡಿಮೆ. ಎಂಪಿ4ನಲ್ಲಿ ಉಳಿಸುತ್ತಿದ್ದಾಗ ಕರೆಂಟ್ ಹೋದರೆ ಆ ಗಂಟೆಯ ಫೈಲ್ ಪೂರ್ತಿ ತೆರೆಯುತ್ತಿರಲಿಲ್ಲ. ಟಿಎಸ್ ಎಂಬ ಫೈಲ್ ಮಾದರಿಗೆ ಬದಲಿಸಿದ ಮೇಲೆ ಹೋಗುವುದು ಕೊನೆಯ ಕೆಲವು ಸೆಕೆಂಡ್ ಮಾತ್ರ. ಪರದೆಯ ಮೇಲೆ 'ಪ್ಲಾಟ್‌ಫಾರ್ಮ್ ಸರ್ವಿಸ್' ಎಂಬ ಬರಹ ಜಾಹೀರಾತು ಬರುವಾಗ ಮಾಯವಾಗುತ್ತಿತ್ತು. ಅದನ್ನು ಪ್ಲೇಔಟ್‌ನಿಂದ (ಕಾರ್ಯಕ್ರಮ, ಜಾಹೀರಾತು ಓಡಿಸುವ ಸಾಫ್ಟ್‌ವೇರ್) ತೆಗೆದು ಎನ್‌ಕೋಡರ್‌ನಲ್ಲೇ (ದೃಶ್ಯವನ್ನು ಡಿಜಿಟಲ್ ಸ್ಟ್ರೀಮ್ ಮಾಡುವ ಯಂತ್ರ) ಹಾಕಿದ ಮೇಲೆ ಸರಿಯಾಯಿತು.

ಒಂದು ಪ್ರಯೋಗವೂ ನಡೆದಿದೆ. ದೇವಸ್ಥಾನದಂಥ ಧಾರ್ಮಿಕ ಸ್ಥಳದ ಲೈವ್ ಫೀಡ್ ಮಾತ್ರ ಇತರರೊಂದಿಗೆ ಹಂಚಬಹುದು. ಹಾಗಾಗಿ ಜನವರಿ 18ರ ಪರ್ಯಾಯ, ವಿಟ್ಲಪಿಂಡಿಯಂಥ ದಿನಗಳಿಗೆ ಎರಡು ಎನ್‌ಕೋಡರ್ ಇಡುತ್ತೇವೆ: ಒಂದರಲ್ಲಿ ಮಠದ ನೇರ ದೃಶ್ಯ ಮಾತ್ರ, ಅದು ಮಂಗಳೂರಿನವರಿಗೂ ಹೋಗುತ್ತದೆ, ಇನ್ನೊಂದರಲ್ಲಿ ನಮ್ಮ ಮಾತುಕತೆ, ಜಾಹೀರಾತು ಸೇರಿದ್ದು, ಅದು ನಮ್ಮ ಮನೆಗಳಿಗಷ್ಟೇ. ಗದ್ದೆಯ ಯಕ್ಷಗಾನವನ್ನೂ ಹಾಗೆ ಹಂಚಬಹುದೆಂದು ವಾದಿಸುವವರಿದ್ದಾರೆ. ನಾವು ಆ ಅಪಾಯಕ್ಕೆ ಹೋಗಿಲ್ಲ. ಯಕ್ಷಗಾನದ ಆಟವೇ ನಮಗೆ ಹೆಚ್ಚು ಜಾಹೀರಾತು ತರುವುದು, ಅದು ನಮ್ಮ ಜಾಲದಲ್ಲೇ ಇರಲಿ. ಜಾಹೀರಾತಿಗೂ ಗಂಟೆಗೆ 12 ನಿಮಿಷದ ಮಿತಿ ಇದೆ, ಸೀಸನ್‌ನಲ್ಲಿ ಅದು ತುಂಬಿಯೇ ಇರುತ್ತದೆ.

ಇನ್ನೂ ಇಬ್ಬರು ಕಾಪು ಕಡೆಯಿಂದ ಸೇರಲು ಕೇಳಿದ್ದಾರೆ. ಮೂರು ತಿಂಗಳ ನಾಲ್ಕು ತಾರೀಕಿನ ಎಣಿಕೆ ಮತ್ತು ಹಳೆ ಬಾಕಿ ತೀರಿಸಿದ ಪತ್ರ ತರಲು ಹೇಳಿದ್ದೇವೆ.